ಸರೋವರದ ಕ್ಷಾರ ಸವೆಯುವ ಬಗೆ



ಕಲ್ಲಿದ್ದಲಿನಲ್ಲಿಯೂ ಅನೇಕ ಲೋಹದ ಅದಿರುಗಳಲ್ಲಿಯೂ ಗಂಧಕ ಅಡಗಿರುತ್ತದೆ. ಅವು ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬಿದ್ದು, ಗಾಳಿಯೊಡನೆ ನೂರಾರು ಕಿಲೋಮೀಟರ್ ಸಾಗಿ, ಗಂಧಕಾಮ್ಲವಾಗಿ ಮಳೆಯಲ್ಲಿ ಇಳಿಯುತ್ತದೆ. ಸ್ಕ್ಯಾಂಡಿನೇವಿಯದ ಸರೋವರಗಳನ್ನು ಹುಳಿಯಾಗಿಸಿದ್ದು ಪರದೇಶಗಳ ಹೊಗೆ ಎಂದು 1967ರಲ್ಲಿ ಸಾರಿದವನು ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್.

ಎಲ್ಲ ಸರೋವರಗಳೂ ಒಂದೇ ಬಗೆಯಾಗಿ ಕೆಡಲಿಲ್ಲ. ಸುಣ್ಣಕಲ್ಲಿನ ನೆಲದವು ತಾಳಿಕೊಂಡವು; ಗ್ರಾನೈಟಿನ ಮೇಲಣ ತೆಳುಮಣ್ಣಿನವು ಸೋತವು. ಕಾಫಿ ತೋಟದ ಹುಳಿಮಣ್ಣಿಗೆ ಸುಣ್ಣ ಹಾಕುವ ಮಲೆನಾಡಿಗರಿಗೆ ಇದರ ಮರ್ಮ ಹೊಸದಲ್ಲ. ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್, ಬಂದ ಆಮ್ಲವನ್ನು ತಣಿಸುತ್ತ ತಾನು ಸವೆಯುತ್ತದೆ. ಅದು ಇರುವವರೆಗೆ ಪಿಎಚ್ ಅಷ್ಟಾಗಿ ಇಳಿಯದು. ತೀರುತ್ತ ಬಂದಾಗ ಕುಸಿಯುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು. ಆಗ ಮಣ್ಣಿನ ಅಲ್ಯೂಮಿನಿಯಂ ಕರಗಿ ಬಂದು ಮೀನಿನ ಕಿವಿರನ್ನು ಕೆಡಿಸುತ್ತದೆ.

ಕೆನಡದ ಒಂಟಾರಿಯೊ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ '223' ಎಂಬ ಸಂಖ್ಯೆಯ ಪುಟ್ಟ ಸರೋವರಕ್ಕೆ ಬೇಕೆಂದೇ ಗಂಧಕಾಮ್ಲ ಸುರಿದರು. ಎಂಟು ವರ್ಷಗಳಲ್ಲಿ ಪಿಎಚ್ 6.8ರಿಂದ 5.0ಕ್ಕೆ ಇಳಿಯಿತು. ದೊಡ್ಡ ಟ್ರೌಟ್ ಮೀನುಗಳು ಮೊದಲು ಸಾಯಲಿಲ್ಲ. ಅವುಗಳ ಆಹಾರವಾದ ಸಣ್ಣ ಸೀಗಡಿಯಂಥ ಜೀವಿಗಳೂ ಕಿರುಮೀನುಗಳೂ ಪಿಎಚ್ 6ರ ಆಸುಪಾಸಿನಲ್ಲೇ ಅಳಿದವು. 5.4ಕ್ಕಿಂತ ಕೆಳಗೆ ಯಾವ ಮೀನೂ ಮರಿಮಾಡಲಿಲ್ಲ. ಉಳಿದ ಟ್ರೌಟ್‌ಗಳು ಹಸಿದು ಬಡಕಲಾದವು. ಮೀನು ಕಾಣಿಸುತ್ತಿದೆ, ಆದ್ದರಿಂದ ನೀರು ನೆಟ್ಟಗಿದೆ ಎನ್ನುವ ಮಾತು ಎಷ್ಟು ಟೊಳ್ಳು! ಇನ್ನೊಂದು ಅಚ್ಚರಿ: ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಗಳು ಸಲ್ಫೇಟನ್ನು ಸಲ್ಫೈಡಾಗಿಸಿ, ಸುರಿದ ಆಮ್ಲದ ದೊಡ್ಡ ಪಾಲನ್ನು ತಾವೇ ತಣಿಸುತ್ತಿದ್ದವು.

ಹೊಗೆ ನಿಂತರೂ ಗುಣವಾಗುವುದು ನಿಧಾನ. ದಶಕಗಳ ಆಮ್ಲ ಮಣ್ಣಿನ ಕ್ಯಾಲ್ಸಿಯಮನ್ನು ತೊಳೆದೊಯ್ದಿರುತ್ತದೆ. ಬಂಡೆ ಶಿಥಿಲವಾಗಿ ಅದನ್ನು ಮತ್ತೆ ತುಂಬಿಕೊಡಲು ಬಹುಕಾಲ ಬೇಕು. ಸ್ವೀಡನ್ ಸಾವಿರಾರು ಸರೋವರಗಳಿಗೆ ಸುಣ್ಣದ ಪುಡಿ ಸುರಿಯಬೇಕಾಯಿತು. ಭಾರತವು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ 2015ರಲ್ಲಿ ಮಿತಿ ವಿಧಿಸಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿ ದೊರೆಯಿತು. ಈ ಅವಸರದ ಔದಾರ್ಯಕ್ಕೆ ಮುನ್ನ ಮಣ್ಣು-ನೀರುಗಳ ತಾಳಿಕೆಯನ್ನು ಅಳೆಯಬೇಕಿತ್ತು.

ಆದ್ದರಿಂದ ಊರ ಕೆರೆಯನ್ನು ಪರೀಕ್ಷಿಸುವ ವಿದ್ಯಾರ್ಥಿಗಳು ಪಿಎಚ್ ಕಾಗದ ಅದ್ದಿದಲ್ಲಿಗೆ ನಿಲ್ಲಿಸಬಾರದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಳತೆಯ ನೀರಿಗೆ ಮೀಥೈಲ್ ಆರೆಂಜ್ ಹಾಕಿ, ಹಳದಿ ಬಣ್ಣ ಕೆಂಪಿಗೆ ತಿರುಗುವವರೆಗೆ ತೆಳು ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಹಿಡಿದ ಆಮ್ಲದ ಪ್ರಮಾಣವೇ ಕ್ಷಾರತೆಯ ಲೆಕ್ಕ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಪ್ರತಿವರ್ಷವೂ ಅದನ್ನು ಬರೆದಿಡಬೇಕು.