ಒಂದು ಮನೆ, ಒಂದು ಮೊಬೈಲ್, ಇಬ್ಬರು ಸದಸ್ಯರು

(ಮಹಿಳಾ ವಿಭಾಗದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



"ನೀನು ಕಂಪ್ಯೂಟರ್‌ನವಳು, ಲಾಗಿನ್ ಬಗ್ಗೆ ಏನಾದರೂ ಹೇಳು" ಎಂದು ಕಾರ್ಯಾಧ್ಯಕ್ಷೆಯವರು ಫೋನ್ ಮಾಡಿದಾಗ ನಾನು ವಾಗ್ಳೆ ಎಸ್ಟೇಟಿನ ಆಫೀಸಿನಿಂದ ಹೊರಟು ಥಾಣೆ ಸ್ಟೇಷನ್ನಿಗೆ ರಿಕ್ಷಾ ಹುಡುಕುತ್ತಿದ್ದೆ. ಆ ಗಡಿಬಿಡಿಯಲ್ಲಿ ಹೂಂ ಅಂದುಬಿಟ್ಟೆ. ಈಗಷ್ಟೇ ನನ್ನನ್ನು ಎಂ.ಟೆಕ್. ಮಾಡಿದವಳು ಎಂದು ಪರಿಚಯಿಸಿದರು. ನಾನು ಹೇಳಲಿರುವ ಕತೆಯಲ್ಲಿ ತಪ್ಪು ಮಾಡಿದವಳೂ ನಾನೇ.

ನಮ್ಮ ಆಫೀಸಿನ ಗೇಟಿನಲ್ಲಿ ವಾಚ್‌ಮನ್ ದಿನಾ ನನ್ನ ಐಡಿ ಕಾರ್ಡ್ ನೋಡುತ್ತಾರೆ. ನಾನು ಯಾರು ಎಂದು ತಿಳಿಯುವುದು ಅವರ ಕೆಲಸ. ಒಳಗೆ ಯಾವ ಮಹಡಿಯ ಬಾಗಿಲು ನನಗೆ ತೆರೆಯುತ್ತದೆ ಎನ್ನುವುದು ಬೇರೆ ಪ್ರಶ್ನೆ. ವೆಬ್‌ಸೈಟಿನಲ್ಲಿ ಮೊದಲನೆಯದಕ್ಕೆ ಅಥೆಂಟಿಕೇಶನ್ ಅನ್ನುತ್ತೇವೆ. ಇವತ್ತಿನ ಮಾತು ಆ ಗೇಟಿನದು ಮಾತ್ರ.

ಸಂಘದ ಸದಸ್ಯರಿಗಾಗಿ ವೆಬ್‌ಸೈಟ್ ಮಾಡುವಾಗ ನಾನು ಪೈಥಾನ್ ಭಾಷೆಯ ಜಾಂಗೊ ಎಂಬ ಚೌಕಟ್ಟನ್ನು ಬಳಸಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿದ್ದು ಇದು. ಹೆಸರು ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್‌ನದು. ಇದರಲ್ಲಿ ಬಳಕೆದಾರರ ಒಂದು ಸಿದ್ಧ ನಮೂನೆ ಇದೆ: ಯೂಸರ್‌ನೇಮ್, ಮೊದಲ ಹೆಸರು, ಕೊನೆಯ ಹೆಸರು, ಇಮೇಲ್. ನಮ್ಮವರಲ್ಲಿ ಎಷ್ಟೋ ಮಂದಿಗೆ ಇಮೇಲ್ ಇಲ್ಲ. ಇದ್ದರೂ ಅದು ಮಗ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು. ಇನ್ನು ಕೊನೆಯ ಹೆಸರು? ಇನಿಷಿಯಲ್ ಇಟ್ಟುಕೊಂಡವರು ಅಲ್ಲಿ ಏನು ಬರೆಯಬೇಕು?

ಈ ನಮೂನೆ ಬೇಡವಾದರೆ ನಮ್ಮದೇ ಒಂದನ್ನು ಬರೆಯಬಹುದು. 2013ರಲ್ಲಿ ಬಂದ 1.5ನೇ ಆವೃತ್ತಿಯಿಂದ ಈ ಅನುಕೂಲ ಇದೆ. ದಾರಿ ಎರಡು. ಅಬ್‌ಸ್ಟ್ರಾಕ್ಟ್ ಯೂಸರ್ ತೆಗೆದುಕೊಂಡರೆ ಹಳೆಯ ಅಂಕಣಗಳೆಲ್ಲ ಇರುತ್ತವೆ, ನಮ್ಮದನ್ನು ಸೇರಿಸಿದರಾಯಿತು. ಅಬ್‌ಸ್ಟ್ರಾಕ್ಟ್ ಬೇಸ್ ಯೂಸರ್ ತೆಗೆದುಕೊಂಡರೆ ಪಾಸ್‌ವರ್ಡ್ ಮತ್ತು ಕೊನೆಯ ಲಾಗಿನ್ ಸಮಯ ಬಿಟ್ಟು ಉಳಿದದ್ದು ನಮ್ಮ ತಲೆಗೆ; ಹೊಸ ಬಳಕೆದಾರರನ್ನು ಸೃಷ್ಟಿಸುವ ಮ್ಯಾನೇಜರನ್ನೂ ನಾವೇ ಬರೆಯಬೇಕು. ನಾನು ಎರಡನೆಯದನ್ನು ಹಿಡಿದೆ. ಹೆಸರಿಗೆ ಒಂದೇ ಅಂಕಣ ಇಟ್ಟೆ. ಗುರುತಿಗೆ ಮೊಬೈಲ್ ನಂಬರ್. ಒಂದು ನಂಬರಿಗೆ ಒಬ್ಬರೇ ಎಂದು ಬರೆದು, ಬಹಳ ಚೆಂದ ಮಾಡಿದೆ ಅಂದುಕೊಂಡೆ.

ಪ್ರಬಂಧ ಸ್ಪರ್ಧೆಗೆ ಹೆಸರು ಕೊಡುವ ದಿನ ಡೊಂಬಿವಲಿಯ ಒಬ್ಬ ಅಕ್ಕ ಫೋನ್ ಮಾಡಿದರು. ಈ ನಂಬರಿನ ಬಳಕೆದಾರರು ಈಗಾಗಲೇ ಇದ್ದಾರೆ ಎಂದು ತೆರೆಯ ಮೇಲೆ ಬರುತ್ತಿತ್ತು. ಮನೆಯಲ್ಲಿರುವುದು ಒಂದೇ ನಂಬರ್, ಯಜಮಾನರು ಮೊದಲೇ ನೋಂದಾಯಿಸಿಕೊಂಡಿದ್ದರು. ನಾನು ಏನು ಹೇಳಲಿ ಎಂದು ತಡಕಾಡುವಷ್ಟರಲ್ಲಿ ಅವರೇ ಸಮಾಧಾನ ಹೇಳಿದರು: "ಇರ್ಲಿ ಮಾರಾಯ್ತಿ, ಅವರ ಹೆಸರಲ್ಲೇ ಕಳಿಸ್ತೇನೆ. ಬರೆದದ್ದು ನಾನು ಅಂತ ನಿಮಗೆಲ್ಲ ಗೊತ್ತುಂಟಲ್ಲ."

ಆ ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ, ನಾನು ಹೇಳಿದ್ದನ್ನೇ ಅದು ಮಾಡಿತ್ತು. ಆ ಮನೆಯಲ್ಲಿ ಒಬ್ಬರೇ ಇದ್ದಾರೆ ಎಂದು ಹೇಳಿದವಳು ನಾನು.

ಸದಸ್ಯತ್ವ ಸಂಖ್ಯೆಯನ್ನು ಗುರುತಾಗಿ ಇಡೋಣ ಅಂದರೆ ಅಲ್ಲೂ ಅದೇ ಕತೆ. ಕುಟುಂಬ ಸದಸ್ಯತ್ವಕ್ಕೆ ಒಂದೇ ಸಂಖ್ಯೆ, ಅದು ಯಜಮಾನರ ಹೆಸರಿನಲ್ಲಿ. ಇದನ್ನು ಕೋಡ್ ಬರೆದು ಸರಿಮಾಡಲು ಆಗುವುದಿಲ್ಲ. ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟೆ. ಶುಲ್ಕ ಹೆಚ್ಚಾಗುತ್ತದಾ ಎಂಬ ಪ್ರಶ್ನೆಯ ಸುತ್ತಲೇ ತುಂಬ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಶುಲ್ಕ ಅಷ್ಟೇ, ಮನೆಯ ಪ್ರತಿ ವಯಸ್ಕರಿಗೂ ಅವರದೇ ಸಂಖ್ಯೆ ಎಂದು ಒಪ್ಪಿದರು.

ನನ್ನ ಪಾಲಿನ ಕೆಲಸ ಒಂದು ಭಾನುವಾರದ್ದು. ಸಂಖ್ಯೆಯ ಅಂಕಣವನ್ನು ಮೊದಲು ಖಾಲಿಯಾಗಿ ಸೇರಿಸಿದೆ, ಎಲ್ಲರ ಸಂಖ್ಯೆ ತುಂಬಿದೆ, ಆಮೇಲೆ ಕಡ್ಡಾಯ ಮಾಡಿ ಅದನ್ನೇ ಗುರುತಿನ ಅಂಕಣವಾಗಿಸಿದೆ. ಮೊಬೈಲ್ ಎರಡು ಕಡೆ ಬಂದರೂ ಸರಿ ಎಂದು ಬದಲಿಸಿದೆ. ಶುರುವಿನಲ್ಲೇ ನಮ್ಮದೇ ನಮೂನೆ ಇಟ್ಟುಕೊಂಡಿದ್ದರಿಂದ ಇಷ್ಟಕ್ಕೆ ಮುಗಿಯಿತು. ಸಿದ್ಧ ನಮೂನೆಯಲ್ಲೇ ಮೊದಲ ಮೈಗ್ರೇಶನ್ ಓಡಿಸಿದ್ದರೆ ಬೇರೆ ಟೇಬಲ್‌ಗಳೆಲ್ಲ ಅದಕ್ಕೇ ಗಂಟು ಬಿದ್ದಿರುತ್ತಿದ್ದವು. ಬಿಡಿಸುವುದು ಕೈಯಾರೆ ಮಾಡಬೇಕಾದ ಕೆಲಸ. ಸಭೆಯಲ್ಲಿ ಐಟಿಯ ಹುಡುಗಿಯರಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ: ಸದ್ಯಕ್ಕೆ ಬೇಕಿಲ್ಲದಿದ್ದರೂ ಆಥ್ ಯೂಸರ್ ಮಾಡೆಲ್ ಸಾಲನ್ನು ಮೊದಲ ದಿನವೇ ಬರೆಯಿರಿ.

"ಮೊಬೈಲ್ ನಂಬರ್ ಹಾಕಿದರೂ ಲಾಗಿನ್ ಆಗಲಿ, ಆ ನಂಬರಿನ ಇಬ್ಬರಲ್ಲಿ ಯಾರ ಪಾಸ್‌ವರ್ಡ್ ಹೊಂದುತ್ತದೋ ನೋಡು" ಎಂದು ಕೆಲವರು ಸಲಹೆ ಕೊಟ್ಟರು. ಅಂಥ ಬ್ಯಾಕೆಂಡ್ ಬರೆಯುವುದು ಕಷ್ಟವಲ್ಲ. ಆದರೆ ಗಂಡ-ಹೆಂಡತಿ ಇಬ್ಬರೂ ಮಗಳ ಹೆಸರನ್ನೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಯಾರ ಖಾತೆ ತೆರೆಯಬೇಕು? ಬೇಡ ಅಂದೆ.

ಪಾಸ್‌ವರ್ಡ್ ಮರೆತರೆ "ಹಳೆಯದನ್ನು ಹೇಳು" ಎಂದು ನನ್ನನ್ನು ಕೇಳುತ್ತೀರಿ. ನನಗೂ ಅದು ಕಾಣುವುದಿಲ್ಲ. ಜಾಂಗೊ ಅದನ್ನು ಹಾಗೇ ಬರೆದಿಡದೆ ಅರೆದು ಇಡುತ್ತದೆ, 5.2ನೇ ಆವೃತ್ತಿಯಲ್ಲಿ 10 ಲಕ್ಷ ಸುತ್ತು. ಮಸಾಲೆಯಿಂದ ಮತ್ತೆ ಇಡೀ ಮೆಣಸು ತೆಗೆಯಲು ಬರುತ್ತದೆಯೇ? ಹೊಸದನ್ನು ಇಡಲು ಒಂದು ಕೊಂಡಿ ಕಳಿಸಬಹುದು. ಬೇರೆ ಏನೂ ಬದಲಿಸದಿದ್ದರೆ ಅದಕ್ಕೆ 3 ದಿನ ಆಯುಸ್ಸು, ಪಾಸ್‌ವರ್ಡ್ ಬದಲಾದ ಕೂಡಲೇ ಕೆಲಸಕ್ಕೆ ಬಾರದು. ಆದರೆ ಒಂದೇ ಮೊಬೈಲಿನ ಮನೆಗೆ ಕಳಿಸಿದರೆ ಕೊಂಡಿ ಯಾರ ಕೈಗೆ ಸಿಗುತ್ತದೆ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸದ್ಯಕ್ಕೆ ಅಂಥವರು ಕೂಟದ ದಿನ ಬಂದರೆ ಮುಖ ನೋಡಿ, ಇಲ್ಲೇ ಲ್ಯಾಪ್‌ಟಾಪಿನಲ್ಲಿ ಹೊಸ ಪಾಸ್‌ವರ್ಡ್ ಇಡಿಸುತ್ತೇವೆ.

ಡೊಂಬಿವಲಿಯ ಅಕ್ಕನ ಪ್ರಬಂಧ ಅವರದೇ ಹೆಸರಿನಲ್ಲಿ ಬಂತು. ಬಹುಮಾನ ಬರಲಿಲ್ಲ, ತೀರ್ಪುಗಾರರ ಮೇಲೆ ಅವರಿಗೆ ಇನ್ನೂ ಸಿಟ್ಟಿದೆ.

ಹೊರಗೆ ಮೇಜಿನ ಮೇಲೆ ಹೊಸ ಸಂಖ್ಯೆಗಳ ಪಟ್ಟಿ ಇಟ್ಟಿದ್ದೇನೆ. ಚಹಾಕ್ಕೆ ಹೋಗುವಾಗ ನಿಮ್ಮದನ್ನು ಬರೆದುಕೊಳ್ಳಿ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬೇಡಿ.