ಬಿಳಿಯ ಬೆಳಕು ಮತ್ತು ಕಾಣುವ ಕಣ್ಣು
(ಉಪನ್ಯಾಸದ ಪಾಠ)



ಈ ಮಹೋತ್ಸವದ ಸಭೆಯಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾವು ದಿನವೂ ಕಾಣುವ ಬಿಳಿಯ ಬೆಳಕನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಬಿಳುಪೆಂದರೆ ಬೆರಕೆಯಿಲ್ಲದ್ದು ಎಂಬುದು ನಮ್ಮ ಸಾಮಾನ್ಯ ಭಾವನೆ. ಯೂರೋಪಿನ ಪಂಡಿತರೂ ಬಹುಕಾಲ ಹಾಗೆಯೇ ನಂಬಿದ್ದರು. ಗಾಜಿನ ಪಟ್ಟಕವನ್ನು ಹಾಯುವಾಗ ಶುದ್ಧವಾದ ಬೆಳಕೇ ವಿಕಾರಗೊಂಡು ಬಣ್ಣವಾಗುತ್ತದೆಂಬುದು ಅವರ ಮತ. ಐಸಾಕ್ ನ್ಯೂಟನ್ನನು ಕತ್ತಲೆಯ ಕೋಣೆಯೊಳಕ್ಕೆ ಕಿರುರಂಧ್ರದಿಂದ ಬಿಸಿಲನ್ನು ಬಿಟ್ಟು ಪಟ್ಟಕದ ಮೂಲಕ ಹಾಯಿಸಿದನು. ಗೋಡೆಯ ಮೇಲೆ ಕೆಂಪಿನಿಂದ ನೇರಿಳೆಯವರೆಗೆ ಬಣ್ಣಗಳು ಮೂಡಿದುವು. ಅವುಗಳಲ್ಲೊಂದನ್ನು ಬೇರ್ಪಡಿಸಿ ಎರಡನೆಯ ಪಟ್ಟಕಕ್ಕೆ ಹಾಯಿಸಿದಾಗ ಆ ಬಣ್ಣವು ಬದಲಾಗಲಿಲ್ಲ. ಎಲ್ಲವನ್ನೂ ಮಸೂರದಿಂದ ಒಂದುಗೂಡಿಸಿದಾಗ ಬಿಳುಪು ಮರಳಿ ಬಂದಿತು. ಬಿಸಿಲಿನ ಬಿಳುಪು ಹಲವು ಬಣ್ಣಗಳ ಕೂಟವೆಂದು ಅವನು ಸಾರಿದ ಪತ್ರವು 1672ರಲ್ಲಿ ಪ್ರಕಟವಾಯಿತು.

ಇಷ್ಟಕ್ಕೇ ವಿಷಯವು ಮುಗಿಯಲಿಲ್ಲ. ಕಿರಣಗಳಿಗೆ ತಮ್ಮದೇ ಆದ ಬಣ್ಣವಿಲ್ಲ, ಬಣ್ಣದ ಅನುಭವವನ್ನು ಹುಟ್ಟಿಸುವ ಶಕ್ತಿ ಮಾತ್ರ ಇದೆ ಎಂಬುದನ್ನೂ ನ್ಯೂಟನ್ನನು ಕಂಡುಕೊಂಡಿದ್ದನು. ಹಾಗಾದರೆ ಆ ಅನುಭವವು ಹುಟ್ಟುವುದು ಹೇಗೆ? ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಮೂರೂ ತಕ್ಕ ಪ್ರಮಾಣದಲ್ಲಿ ಎಚ್ಚರಗೊಂಡಾಗ ನಾವು ಬಿಳುಪೆನ್ನುತ್ತೇವೆ. ಈಗ ಮನೆಮನೆಯಲ್ಲಿ ಉರಿಯುವ ಎಲ್‌ಇಡಿ ದೀಪವನ್ನೇ ನೋಡಿರಿ. ಸಾಮಾನ್ಯವಾಗಿ ಅದರೊಳಗೆ ಹುಟ್ಟುವುದು ನೀಲಿಯ ಬೆಳಕು; ಮೇಲಿನ ಲೇಪವು ಅದರ ಒಂದು ಭಾಗವನ್ನು ಹಳದಿಯಾಗಿಸುತ್ತದೆ; ಎರಡೂ ಬೆರೆತು ಕಣ್ಣಿಗೆ ಬಿಳಿಯಾಗುತ್ತವೆ. ಬಿಸಿಲೂ ಬಿಳಿ, ದೀಪವೂ ಬಿಳಿ. ಪಟ್ಟಕದಲ್ಲಿಟ್ಟು ನೋಡಿದರೆ ಎರಡರ ಒಡಲೂ ಬೇರೆ. ಅಂಗಡಿಯ ದೀಪದಲ್ಲಿ ಮೆಚ್ಚಿ ತಂದ ರೇಷ್ಮೆಸೀರೆಯು ಅಂಗಳದ ಬಿಸಿಲಿನಲ್ಲಿ ಬೇರೆಯಾಗಿ ತೋರುವುದು ಇದರಿಂದಲೇ.

ಬೆಳಕು ಒಂದೇ ಆದರೂ ಕಣ್ಣು ಬೇರೆಯಾದರೆ? ಪರಮಾಣುವಾದಕ್ಕೆ ಹೆಸರಾದ ಜಾನ್ ಡಾಲ್ಟನ್ನನ ವೃತ್ತಾಂತವು ಇಲ್ಲಿ ಸ್ಮರಣೀಯ. 1792ರಲ್ಲಿ ಅವನು ಹಗಲಿನಲ್ಲಿ ನೀಲಿಯೆಂದು ಕಂಡಿದ್ದ ಹೂವೊಂದನ್ನು ಮೇಣದ ಬತ್ತಿಯ ಬೆಳಕಿನಲ್ಲಿ ನೋಡಲು, ಅದು ಕೆಂಪಾಗಿ ತೋರಿತು. ಸ್ನೇಹಿತರಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅವನ ಸೋದರನಿಗೆ ಮಾತ್ರ ಕಂಡಿತು. ತನ್ನ ಕಣ್ಣಿನೊಳಗಿನ ದ್ರವವು ನೀಲಿಯಾಗಿರಬೇಕೆಂದು ಅವನು ತರ್ಕಿಸಿ, ಮರಣಾನಂತರ ಕಣ್ಣುಗಳನ್ನು ಪರೀಕ್ಷಿಸಬೇಕೆಂದು ಕೋರಿದನು. 1844ರಲ್ಲಿ ಅವನು ತೀರಿಕೊಂಡ ಬಳಿಕ ವೈದ್ಯರು ಪರೀಕ್ಷಿಸಿದರು. ದ್ರವವು ತಿಳಿಯಾಗಿಯೇ ಇದ್ದಿತು. ಕಾದಿರಿಸಿದ್ದ ಆ ಕಣ್ಣಿನ ಅಂಶವನ್ನು ವಿಜ್ಞಾನಿಗಳು ಮತ್ತೆ ಶೋಧಿಸಿ, ಮೂರು ಬಗೆಯ ಕೋಶಗಳಲ್ಲಿ ಹಸಿರಿಗೆ ಹೆಚ್ಚಾಗಿ ಸ್ಪಂದಿಸುವ ಬಗೆಯು ಅವನಿಗಿರಲಿಲ್ಲವೆಂದು 1995ರಲ್ಲಿ ಪ್ರಕಟಿಸಿದರು. ಅವನ ಊಹೆ ಸುಳ್ಳಾಯಿತು. ಆದರೆ ಊಹೆಯನ್ನು ಒರೆಗೆ ಹಚ್ಚಲು ತನ್ನ ಕಣ್ಣನ್ನೇ ಒಪ್ಪಿಸಿದ ಅವನ ಸತ್ಯನಿಷ್ಠೆ ದೊಡ್ಡದು.

ಇಂಥ ದೃಷ್ಟಿಭೇದವು ಹುಟ್ಟಿನಿಂದಲೇ ಬರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಎಲೆಗೆ ಕಂದು ಬಣ್ಣ ಬಳಿದ ಬಾಲಕನನ್ನು ದಡ್ಡನೆಂದು ಗದರಿಸುವ ತಂದೆತಾಯಿಗಳೂ ಉಪಾಧ್ಯಾಯರೂ ಇದನ್ನು ನೆನೆಯಬೇಕು. ಅವನು ಸುಳ್ಳಾಡುತ್ತಿಲ್ಲ, ಕಂಡದ್ದನ್ನೇ ಬರೆದಿದ್ದಾನೆ.

ಒಂದೇ ವಸ್ತುವನ್ನು ಹಲವು ದೃಷ್ಟಿಗಳಿಂದ ವಿಚಾರಿಸಬೇಕೆಂಬ ಮಾತು ಈ ಸಭೆಗೆ ಹೊಸತಲ್ಲ. ಬಣ್ಣವು ಬೆಳಕು, ವಸ್ತು, ಕಣ್ಣು ಈ ಮೂರರ ಕೂಟದಿಂದ ಆಗುವಂಥದು. ಆದುದರಿಂದ 'ಇರುವುದೇ ಹೀಗೆ' ಎಂದು ವಾದಿಸುವ ಮೊದಲು 'ನನಗೆ ಕಂಡದ್ದು ಹೀಗೆ' ಎನ್ನುವ ವಿನಯವು ನಮ್ಮಲ್ಲಿ ಬೆಳೆಯಲಿ ಎಂದು ಹಾರೈಸುತ್ತೇನೆ.