ಮೈ ಒದರಿದ ಕುರಿ



ಯುಗಾದಿ ಸಮೀಪಿಸಿ, ಊರೂರಿನ ಅಮ್ಮನ ಹಬ್ಬಕ್ಕೆ ದಿನ ಗೊತ್ತುಮಾಡುವ ಮಾತು ಅರಳಿಕಟ್ಟೆಗಳಲ್ಲಿ ಮೊದಲಾಗುವ ಈ ಕಾಲದಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಈ ಪ್ರಸಾರಮಾಲಿಕೆಗೆ ಬರುತ್ತಲಿರುವ ಪತ್ರಗಳಲ್ಲಿ ಒಂದೇ ಆತಂಕ ಬೇರೆ ಬೇರೆ ಕೈಬರಹಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ತಾತ ಮುತ್ತಾತಂದಿರ ಕಾಲದಿಂದ ಕೊಟ್ಟುಕೊಂಡು ಬಂದ ಕುರಿಯನ್ನು ಓದಿದ ಮಕ್ಕಳು ಬೇಡವೆನ್ನುತ್ತಾರೆ. ಪೊಲೀಸರು ಬಂದಾರೆಂದು ಊರಿನ ಹಿರಿಯರು ಅಂಜುತ್ತಾರೆ. ಹಾಗೆಂದು ಬಿಟ್ಟುಬಿಟ್ಟರೆ ಅಮ್ಮ ಮುನಿದಾಳೆ? ಹರಕೆಯೆಂದರೇನು, ದೇವರ ಹೆಸರಿನಲ್ಲಿ ಮರಿ ಬಿಡುವುದೆಂದರೇನು ಎಂಬುದನ್ನು ನಿಮಗೆ ನಾನು ವಿವರಿಸಹೊರಟರೆ ತೆಂಗಿನತೋಟದವನಿಗೆ ಎಳನೀರು ಮಾರಿದಂತಾದೀತು. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅಮ್ಮನ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಆಕೆ ಒಪ್ಪಿದಳೆಂದು ನಾವು ಯಾವುದರಿಂದ ತಿಳಿಯುತ್ತೇವೆಯೋ ಆ ಗುರುತಿನ ವಿಷಯವಾಗಿ ನಾನು ಬಹುಕಾಲ ಯೋಚಿಸಿದ್ದೇನೆ. ನೀವೆಲ್ಲ ಕಂಡ ದೃಶ್ಯವೇ ಅದು. ಕೊರಳಿಗೆ ಬೇವಿನ ಸೊಪ್ಪು ಕಟ್ಟಿ, ಅರಿಸಿನ ಕುಂಕುಮವಿಟ್ಟು, ಗುಡಿಯ ಮುಂದೆ ನಿಲ್ಲಿಸಿದ ಕುರಿಯ ಮೇಲೆ ಪೂಜಾರಿ ತೀರ್ಥ ಹಾಕುತ್ತಾನೆ. ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಕುರಿ ಒಮ್ಮೆ ಮೈ ಒದರಿತೋ, 'ಒಪ್ಪಿದಳು' ಎಂಬ ಉದ್ಗಾರದೊಡನೆ ತಮಟೆ ಮೊಳಗುತ್ತದೆ. ಅದು ಒದರುವ ತನಕ ಕತ್ತಿ ಮೇಲೇಳುವುದಿಲ್ಲ.

ನಾನು ಎಂಟೊಂಬತ್ತು ವರ್ಷದವನಾಗಿದ್ದಾಗ ನಮ್ಮ ಮನೆಯಲ್ಲಿ ಕರಿಯನೆಂಬ ಟಗರು ಇದ್ದಿತು. ತಮ್ಮನಿಗೆ ಸಿಡುಬು ಎದ್ದು ಕಣ್ಣು ಉಳಿಯುವುದೋ ಇಲ್ಲವೋ ಎಂಬಂತಾಗಿದ್ದ ಕಾಲದಲ್ಲಿ ಅಜ್ಜಿ ಕಟ್ಟಿಕೊಂಡ ಹರಕೆಯ ಟಗರು ಅದು. ಅದಕ್ಕೆ ಹಲಸಿನ ಸೊಪ್ಪು ತರುವುದೂ ವಾರಕ್ಕೊಮ್ಮೆ ಕಟ್ಟೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುವುದೂ ನನ್ನ ಪಾಲಿನ ಕೆಲಸವಾಗಿದ್ದುವು. ಹಬ್ಬದ ದಿನ ಗುಡಿಯ ಮುಂದೆ ಮೊದಲ ಚೊಂಬಿಗೆ ಕರಿಯ ಅಲುಗಲಿಲ್ಲ; ಎರಡನೆಯದಕ್ಕೂ ಇಲ್ಲ; ಮೂರನೆಯ ಸಲ ಪೂಜಾರಿ ಕುತ್ತಿಗೆಯ ಹಿಂಭಾಗಕ್ಕೂ ಕಿವಿಯೊಳಕ್ಕೂ ಬೀಳುವಂತೆ ನೀರು ಸುರಿದಾಗ ಅದು ಕೊಂಬಿನಿಂದ ಬಾಲದವರೆಗೆ ಮೈ ಕೊಡವಿತು. ಆ ರಾತ್ರಿ ನಾನು ಉಣ್ಣಲಿಲ್ಲ. 'ಅಜ್ಜೀ, ಕಟ್ಟೆಯಲ್ಲಿ ನಾನು ಮೈ ತೊಳೆದಾಗಲೂ ಅದು ಹಾಗೆಯೇ ಒದರುತ್ತಿತ್ತಲ್ಲ?' ಎಂದು ಕೇಳಿದ್ದಕ್ಕೆ, 'ಅಲ್ಲಿ ಒದರಿದ್ದು ನಿನಗೆ ಕಣಪ್ಪಾ, ಇಲ್ಲಿ ಒದರಿದ್ದು ಅಮ್ಮನಿಗೆ' ಎಂದಳು. ಆ ಉತ್ತರವನ್ನು ಮೀರಿಸುವ ಉತ್ತರವನ್ನು ಯಾವ ಪಂಡಿತರಿಂದಲೂ ನಾನು ಕೇಳಿಲ್ಲ. ಒಪ್ಪಿಕೊಳ್ಳಲೂ ಇಂದಿನವರೆಗೆ ಆಗಿಲ್ಲ.

ಏಕೆಂದರೆ, ಒದ್ದೆಯಾದ ಪ್ರಾಣಿ ಮೈ ಒದರುವುದು ಅದರ ಇಚ್ಛೆಯ ಮಾತಲ್ಲ, ಚರ್ಮದ ಮಾತು. ರೋಮದ ನಡುವೆ ನಿಂತ ನೀರು ಭಾರ. ಅದು ತಾನಾಗಿ ಆರಬೇಕಾದರೆ ಮೈಯ ಶಾಖವನ್ನು ಹೀರಿಕೊಂಡೇ ಆರಬೇಕು. ಆದುದರಿಂದ ಕೂದಲುಳ್ಳ ಅನೇಕ ಪ್ರಾಣಿಗಳಿಗೆ ನೀರನ್ನು ಎಸೆದುಬಿಡುವ ಈ ಉಪಾಯವನ್ನು ಪ್ರಕೃತಿ ಕಲಿಸಿಟ್ಟಿದೆ. ಗಾತ್ರ ಚಿಕ್ಕದಾದಷ್ಟೂ ವೇಗ ಹೆಚ್ಚು: ಇಲಿ ಸೆಕೆಂಡಿಗೆ ಸುಮಾರು 30 ಸಲ ಮೈ ಕೊಡವಿದರೆ ದೊಡ್ಡ ನಾಯಿಗೆ ನಾಲ್ಕೈದು ಸಲ ಸಾಕು. ನಾಲಗೆ ತಲುಪದ ಕುತ್ತಿಗೆಯ ಹಿಂಭಾಗಕ್ಕೆ ಬಿದ್ದ ನೀರಿಗೆ ಈ ಒದರಾಟ ಇನ್ನಷ್ಟು ಬೇಗ ಏಳುತ್ತದೆ. ಪೂಜಾರಿಯ ಅನುಭವದ ಕೈ ಆ ಜಾಗವನ್ನು ಬಲ್ಲದು. ಮಳೆಯಲ್ಲಿ ನೆನೆದ ನಿಮ್ಮ ಮನೆಯ ನಾಯಿ ಜಗುಲಿ ಹತ್ತಿ ನಿಮ್ಮ ಪಂಚೆಗೆಲ್ಲ ನೀರು ಹಾರಿಸಿತೆಂದರೆ ಅದು ಯಾವುದಕ್ಕೆ ಒಪ್ಪಿಗೆ ಕೊಟ್ಟಿತು? ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ನೀರು ಬಿತ್ತು, ಚರ್ಮ ನಡುಗಿತು. ಕುರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಒಪ್ಪಿದ್ದು ನೀರು.

ಇದನ್ನು ಮೌಢ್ಯವೆಂದು ಕರೆದು ನಕ್ಕು ಮುಂದೆ ಹೋಗುವ ಪಟ್ಟಣದ ಮಿತ್ರರ ಮೇಲೂ ನನಗೆ ಸಹನೆಯಿಲ್ಲ. ಪುರಾತನ ಗ್ರೀಸಿನಲ್ಲಿಯೂ ಬಲಿಪಶುವಿನ ಮೇಲೆ ನೀರೆರೆದು, ಅದು ತಲೆಯಾಡಿಸುವ ತನಕ ಕೊಲ್ಲದಿರುವ ಎಚ್ಚರವಿದ್ದಿತೆಂದು ಪ್ಲೂಟಾರ್ಕನು ಬರೆದಿಟ್ಟಿದ್ದಾನೆ. ಅಷ್ಟು ದೂರದ ಎರಡು ಜನಾಂಗಗಳಿಗೆ ಒಂದೇ ಉಪಾಯ ಹೊಳೆಯಬೇಕಾದರೆ, ಕೇಳದೆ ಕೊಲ್ಲಬಾರದೆಂಬ ಅಳುಕು ಇಬ್ಬರ ಎದೆಯಲ್ಲಿಯೂ ಇದ್ದಿರಬೇಕು. ಮಾಂಸದಂಗಡಿಯಲ್ಲಿ ಕುರಿಯನ್ನು ಯಾರೂ ಏನನ್ನೂ ಕೇಳುವುದಿಲ್ಲ. ಗುಡಿಯ ಮುಂದೆ ಕೇಳುತ್ತೇವೆ. ಉತ್ತರವನ್ನು ಮಾತ್ರ ನಾವೇ ಹೇಳಿಕೊಳ್ಳುತ್ತೇವೆ.

ಬಲಿಯನ್ನು ತಡೆಯುವ ಮಾತಿಗೆ ಬಂದರೆ, ದಕ್ಷಿಣ ಆಫ್ರಿಕದ ಜೂಲು ಜನರಲ್ಲಿ ಉಕ್ವೆಶ್ವಾಮಾ ಎಂಬ ಹೊಸಫಲದ ಹಬ್ಬವುಂಟು. ಅಂದು ತರುಣರು ಗುಂಪುಗೂಡಿ ಹೋರಿಯೊಂದನ್ನು ಬರಿಗೈಯಿಂದಲೇ ಕೊಲ್ಲುತ್ತಾರೆ. ಪ್ರಾಣಿದಯಾಪರರು ಇದನ್ನು ತಡೆಯಬೇಕೆಂದು 2009ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ಉಚ್ಚ ನ್ಯಾಯಾಲಯಕ್ಕೆ ಹೋದರು. ಅರ್ಜಿ ವಜಾ ಆಯಿತು. ಕಸಾಯಿಖಾನೆಗಳನ್ನು ಬಿಟ್ಟು ನಮ್ಮ ಹಬ್ಬವೇ ಏಕೆ ಕಣ್ಣಿಗೆ ಬಿತ್ತೆಂಬ ಪ್ರಶ್ನೆ ಅಲ್ಲಿ ಹೇಗೆ ಎದ್ದಿತೋ ನಮ್ಮಲ್ಲಿಯೂ ಹಾಗೆಯೇ ಏಳುತ್ತದೆ, ಮತ್ತು ಅದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಸಂಪ್ರದಾಯವೆಂದು ಎದೆತಟ್ಟಿ ಹೇಳುವವರು ಇನ್ನೊಂದನ್ನೂ ನೆನೆಯಬೇಕು. ಮಾರಿಗೆ ಬಲಿಕೊಡುವ ಕೋಣವನ್ನು ಕಡಿಯುವ, ಹೊರುವ, ರಕ್ತ ಬಿದ್ದ ನೆಲ ತೊಳೆಯುವ ಕೆಲಸಗಳನ್ನೆಲ್ಲ ಒಂದೇ ಕೇರಿಯವರ ಹೆಗಲಿಗೆ ಕಟ್ಟಿ, ಅವರನ್ನು ಗುಡಿಯ ಹೊಸ್ತಿಲಿನಿಂದ ಆಚೆಗೆ ನಿಲ್ಲಿಸಿದ್ದೂ ಇದೇ ಸಂಪ್ರದಾಯವೇ. ಆ ಕೇರಿಯ ಮಕ್ಕಳು ಇನ್ನು ನಾವು ಹೊರುವುದಿಲ್ಲವೆಂದ ಊರುಗಳಲ್ಲಿ ಕೋಣನ ಬಲಿ ತಾನಾಗಿ ನಿಂತಿತು. ಕಾಯಿದೆ ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು.

ಬದಲಿ ಏನು ಕೊಡಬೇಕು, ತೆಂಗಿನಕಾಯಿಯೋ ಬೂದುಗುಂಬಳವೋ ಎಂದು ಅನೇಕರು ಕೇಳಿದ್ದೀರಿ. ನಮ್ಮ ಸೀಮೆಯ ಅರಳಗುಪ್ಪೆಯಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದ ಹೊಯ್ಸಳರ ಆಸ್ಥಾನದಲ್ಲಿಯೇ ಇದ್ದ ಜನ್ನಕವಿ, 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ಜೀವವನ್ನು ಕೊಲ್ಲಲೊಲ್ಲದ ಯಶೋಧರ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ; ಕಡಿದಾಗ ಅದು ಕೂಗಿಬಿಡುತ್ತದೆ; ಆ ಒಂದು ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ಪಶುಪಕ್ಷಿಗಳ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಯಜ್ಞದಲ್ಲಿ ಪಿಷ್ಟಪಶು, ಎಂದರೆ ಹಿಟ್ಟಿನ ಪಶು, ಸಾಕೆಂದ ಮಧ್ವಮತದವರಿಗೆ ಈ ಮಾತು ಹಿಡಿಸಲಾರದು. ನನಗಂತೂ ಜನ್ನನ ಕಡೆಯೇ ಮನಸ್ಸು ವಾಲುತ್ತದೆ. ಕುಂಬಳದ ಹೊಟ್ಟೆಗೆ ಕುಂಕುಮ ತುಂಬಿ, ಅದೇ ಕತ್ತಿಯನ್ನು ಅದೇ ಆವೇಶದಿಂದ ಬೀಸಿ, ಕೆಂಪು ಚೆಲ್ಲಿದಾಗ ಅದೇ ಕೇಕೆ ಹಾಕುವುದಾದರೆ ಕೈಗೆ ನಾವು ಏನನ್ನು ಮರೆಸಿದಂತಾಯಿತು?

ತೆಂಗಿನಕಾಯಿಯ ಮಾತು ಬೇರೆ. ಹರಕೆಯೆಂದರೆ ತನಗೆ ಬೆಲೆಯುಳ್ಳದ್ದನ್ನು ಕೊಡುವುದು. ತೋಟದಲ್ಲಿ ಬಿದ್ದ ಕಾಯಿಯೊಂದನ್ನು ಹೆಕ್ಕಿ ಒಡೆದರೆ ನಮ್ಮ ಕಡೆಯವನಿಗೆ ಏನೂ ಕಳೆದುಹೋಗುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಗಡಗಡನೆನ್ನುವ ಉಂಡೆ ಕೊಬ್ಬರಿಯನ್ನು, ಆ ವರ್ಷ ಮಾರುಕಟ್ಟೆಯಲ್ಲಿ ಧಾರಣೆ ಏರಿದ್ದರೂ, ಟಗರಿನ ಕ್ರಯಕ್ಕೆ ಸಮನಾಗುವಷ್ಟು ತೂಗಿ ಅಮ್ಮನ ಭಂಡಾರಕ್ಕೆ ಒಪ್ಪಿಸಿ ನೋಡಿ. ಆಗ ಕೊಟ್ಟದ್ದು ತಿಳಿಯುತ್ತದೆ.

ಗಡಿಯಾರದ ಮುಳ್ಳು ನನ್ನನ್ನು ಎಚ್ಚರಿಸುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಮುನಿಸಿನ ಭಯದ ಮಾತು: ಶಿರಸಿಯ ಮಾರಿಕಾಂಬೆಗೆ ಕೋಣ ಕೊಡುವುದು, ಗಾಂಧೀಜಿ 1934ರಲ್ಲಿ ಆ ಊರಿಗೆ ಬಂದ ಕಾಲದ ಚಳವಳಿಯಲ್ಲಿ ನಿಂತಿತು; ಆದರೂ ಎರಡು ವರ್ಷಕ್ಕೊಮ್ಮೆ ಆಕೆಯ ಜಾತ್ರೆ ಇಂದಿಗೂ ಜನಸಾಗರವಾಗಿ ನಡೆಯುತ್ತದೆ. ಇನ್ನು ಸಿಡುಬು, ಕುರಿ ಕೊಟ್ಟ ಊರನ್ನೂ ಕೊಡದ ಊರನ್ನೂ ಒಂದೇ ಸಮನಾಗಿ ಬಿಟ್ಟುಹೋದದ್ದು ದೇವಿಹಾಕುವವರ ಸೂಜಿಯಿಂದ. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ನಮ್ಮ ಜನ ಲಸಿಕೆಗೂ 'ದೇವಿ'ಯೆಂದೇ ಹೆಸರಿಟ್ಟರೆಂಬುದನ್ನು ಮರೆಯಬೇಡಿ.

ಕಾನೂನಿನ ಮಾತು: ಪ್ರಾಣಿಬಲಿಯನ್ನು ತಡೆಯುವ ನಮ್ಮ ರಾಜ್ಯದ ಕಾಯಿದೆ 1959ರದು, 1975ರಲ್ಲಿ ತಿದ್ದುಪಡಿಯಾಯಿತು. ಅದು ಮಾಂಸ ತಿನ್ನಬೇಡವೆನ್ನುವುದಿಲ್ಲ. ದೇವರನ್ನು ಒಲಿಸುವುದಕ್ಕೆಂದು ಗುಡಿಯಲ್ಲಿ, ಗುಡಿಯ ಆವರಣದಲ್ಲಿ ಕೊಲ್ಲಬೇಡವೆನ್ನುತ್ತದೆ. ಕಡಿದವನಷ್ಟೇ ಅಲ್ಲ, ನೆರವಾದವನೂ ಜಾಗ ಕೊಟ್ಟವನೂ ಹೊಣೆಗಾರರೇ. ಕಾಯಿದೆಗೆ ಹೆದರಿ ಕುರಿಯನ್ನು ನಡುರಾತ್ರಿ ತೋಟದ ಹಿಂದಕ್ಕೆ ಒಯ್ದು, ಬ್ಯಾಟರಿ ಬೆಳಕಿನಲ್ಲಿ ಅಭ್ಯಾಸವಿಲ್ಲದ ಕೈಗೆ ಮಚ್ಚು ಕೊಡುವ ಜಾಣತನವನ್ನು ನಾನು ಕಂಡಿದ್ದೇನೆ. ಅಂಥಲ್ಲಿ ಪ್ರಾಣಿ ಪಡುವ ಪಾಡನ್ನು ಊಟದ ಹೊತ್ತಿನ ಈ ಪ್ರಸಾರದಲ್ಲಿ ಹೇಳಲಾರೆ.

ಕೊನೆಯದಾಗಿ, ಮಾಡಬೇಕಾದ್ದು. ಒಬ್ಬರೇ ಬಿಟ್ಟರೆ ಭಯ ಒಬ್ಬರನ್ನೇ ಹಿಡಿಯುತ್ತದೆ, ಮುಂದೆ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ದೂರು ನಿಮ್ಮ ಮೇಲೆಯೇ. ಆದುದರಿಂದ ಊರೇ ಸೇರಿ ಬಿಡಬೇಕು. ದೇವಿಯನ್ನು ಕೇಳದೆ ಆಗದೆನ್ನುವವರು ಹೂವಿನ ಪ್ರಸಾದವನ್ನಾಗಲಿ, ಬರೆದು ಉತ್ತರ ಕೊಡುವಳೆಂದು ಹೆಸರಾದ ದಸರೀಘಟ್ಟದ ಚೌಡೇಶ್ವರಿಯನ್ನಾಗಲಿ ಕೇಳಲಿ, ನನ್ನ ಅಡ್ಡಿಯಿಲ್ಲ. ಚೊಂಬಿನ ನೀರನ್ನು ಮಾತ್ರ ಕೇಳಬೇಡಿ. ಮತ್ತು ಇವೆಲ್ಲವೂ ಹಬ್ಬದ ಸಾರು ಹಾಕುವುದಕ್ಕೆ ಮುಂಚೆಯೇ ಆಗಬೇಕು. ತಮಟೆಯವನು ಬೀದಿಬೀದಿಯಲ್ಲಿ ಸಾರಿ, ನೆಂಟರಿಗೆ ಹೇಳಿಕಳುಹಿಸಿ, ಟಗರು ಅಂಗಳದಲ್ಲಿ ಕಟ್ಟಿನಿಂತ ಮೇಲೆ ಈ ಮಾತನ್ನು ಎತ್ತಿದವರ ಮಾತನ್ನು ಯಾವ ಊರಿನಲ್ಲಿಯೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.